ಬಂಗಾರ ತೊಳಿಯೋ ಆಸಿಡ್

ಕಾಲುವಿ ನೀರು ಬಂದ ಮ್ಯಾಲ ಸಿಂಧನೂರಿನ ನಮ್ಮ ಸಾಹುಕಾರ್ರ ಸೀರಿ-ಬಟ್ಟಿ ಅಂಗಡಿಗೆ ಗಿರಾಕಿ ಹೆಚ್ಚಾದ್ರು. ಗದ್ದಿಯ ಎರಿಮಣ್ಣೂ ಅವರ ಕಾಲಿಗೆ ಅಂಟಿ ಒಳಗ ಬಂತು. ಶಹಾಬಾದ್ ಕಲ್ಲಿನ ಆ ನೆಲ ತೊಳಿಯಾಕಿ ನಾನು.

ಒಂದಿನ ಸಾಹುಕಾರ್ರು ಬಂಗಾರದ ಗಣಿ ಇರೋ ಹಟ್ಟಿಯ ಅಕ್ಕಸಾಲಿಗನ ಹತ್ರ ಒಂದು ಬಾಟ್ಲಿ ಆಸಿಡ್ ತಂದ್ರು. "ಇದು ಬಂಗಾರಾನ ತೊಳಿತೈತಿ, ಕಲ್ಲು ಯಾವ ಲೆಕ್ಕ? ಎಲ್ಲಾ ಕಡಿ ಸುರುವು," ಅಂದ್ರು.

"ನಾ ಸುರುವಂಗಿಲ್ಲರೀ. ಈ ಕಲ್ಲು ಹುಳಿ ತಡಿಯಂಗಿಲ್ಲ," ಅಂದೆ. ಹುಣಸಿ ನೀರು ಬಿದ್ದಲ್ಲೇ ಕಲೆ ಉಳಿದದ್ದು ನಾ ಕಂಡಾಕಿ.

"ಹಂಗಾದ್ರ ನಾಳಿಂದ ಬರಬ್ಯಾಡ."

"ಬರಂಗಿಲ್ಲರೀ. ಆದ್ರ ಮದ್ಲ ನೀವು ಕೂಡೋ ಗಾದಿ ಸರಿಸಿ, ಅದರ ಕೆಳಗ ಒಂದು ಹನಿ ಹಾಕಿ ನೋಡ್ರಿ."

ಸಿಟ್ಟಿನಾಗ ಅವರು ಗಾದಿ ಸರಿಸಿ, ಹನಿ ಅಲ್ಲ, ಒಂದು ಗ್ಲಾಸಿನಷ್ಟು ಸುರುವಿದ್ರು. ಬುಸ್ ಅಂತ ನೊರಿ ಎದ್ದಿತು. "ನೋಡು, ಹೊಲಸು ಹೆಂಗ ಹೊಂಟೈತಿ!" ಅಂತ ಹಿಗ್ಗಿದ್ರು.

"ಹೊಲಸಲ್ಲರೀ, ಕಲ್ಲೇ ಹೊಂಟೈತಿ," ಅಂದು ನೀರು ಹಾಕಿದೆ. ನುಣ್ಣಗಿದ್ದ ಕಲ್ಲು ಬೆಳ್ಳಗ, ಒರಟ ಆಗಿತ್ತು. ಸಾಹುಕಾರ್ರು ಬೆರಳಾಡಿಸಿ ನೋಡಿ, ಬಾಟ್ಲಿಗೆ ಬಿರಡಿ ಹಾಕಿ, ಗಾದಿ ಮತ್ತ ಅದರ ಮ್ಯಾಲ ಎಳದ್ರು.

ಮರುದಿನ ನಾ ಹೋದೆ. ಬರಬ್ಯಾಡ ಅಂದ ಮಾತು ಇಬ್ಬರೂ ಎತ್ತಲಿಲ್ಲ. ಮಣ್ಣು ಒಣಗೋತನಕ ಕಾದು, ಕೆರೆದು, ತೆಂಗಿನ ನಾರಿನಿಂದ ತಿಕ್ಕಿ ತೊಳದೆ. ನೆಲ ಮುಖ ಕಾಣಂಗಾತು. ಆದ್ರ ನಾ ಆ ಕೆಲಸ ಬಿಡೋತನಕ, ಗಾದಿ ಎತ್ತಾಕ ಹೋದಾಗೆಲ್ಲ ಸಾಹುಕಾರ್ರು ಅಂತಿದ್ರು: "ಅಲ್ಲಿ ಸ್ವಚ್ಛ ಐತಿ, ಬಿಡವಾ."