ಕುಂಕುಮ ಇಟ್ಟ ಮೆಟ್ಟಿಲು

ಬೆಳಿಗ್ಗೆ ಹಾಲು ಕರೆದ ಮೇಲೆ ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅಮ್ಮಾಜಮ್ಮ ಕ್ಯಾನು ಎತ್ತಿದವಳಲ್ಲ. ಅವಳು ಹುಟ್ಟಿನಿಂದಲೇ ಕುಳ್ಳಿ; ಬೆನ್ನು ಮುಟ್ಟಬೇಕಾದರೆ ಕಲ್ಲೊಂದನ್ನು ಹತ್ತಬೇಕು. ಆ ಕಲ್ಲನ್ನು ಹೂಳಿಸಿದವನು ತೀರಿಹೋದ ಗಂಡ ಕೋದಂಡಪ್ಪ. ಬಾಗಿಲ ಚಿಲಕ, ಬಟ್ಟೆಯ ಗೂಟ, ನೀರಿನ ತೊಟ್ಟಿ, ಎಲ್ಲವನ್ನೂ ಅವಳ ಕೈಗೆಟುಕುವಂತೆ ಇಳಿಸಿಕೊಟ್ಟು ಹೋಗಿದ್ದ. ಹೊಸ್ತಿಲು ದಾಟಿದರೆ ಮಾತ್ರ ಯಾವುದೂ ಅವಳ ಅಳತೆಯದಲ್ಲ.

ಕಾಮಸಮುದ್ರದ ಕಡೆಯ ಆ ಊರಿನಲ್ಲಿ ಹಾಲಿನ ಡೈರಿ ಮೊದಲು ಜಗಲಿಯ ಮೇಲಿತ್ತು, ನೆಲದಲ್ಲೇ ಅಳೆಯುತ್ತಿದ್ದರು. ಹೊಸ ಕಟ್ಟಡ ಬಂತು, ಹಾಲು ಅಳೆಯಲು ಟೈಲ್ಸ್ ಹಾಕಿದ ಕಟ್ಟೆಯೂ ಬಂತು. ಕಟ್ಟೆ ಅವಳ ನೆತ್ತಿಗಿಂತ ಎತ್ತರ. ಅಂದಿನಿಂದ ಸಾಲಿನಲ್ಲಿ ನಿಂತ ಯಾರಾದರೂ ಕ್ಯಾನು ಇಸಿದುಕೊಂಡು ಸುರಿಯುತ್ತಿದ್ದರು. ಪ್ರೀತಿಯಿಂದಲೇ ಸುರಿಯುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಟೈಲ್ಸ್ ಮಾತ್ರ. ತಾನು ಕರೆದ ಹಾಲು ಹೇಗೆ ಬೀಳುತ್ತದೆಂದು ನೋಡದೆಯೇ ವಾಪಸಾಗುವುದು ದಿನದಿನಕ್ಕೂ ಅವಳನ್ನು ದಣಿಸುತ್ತಿತ್ತು.

ಕೊನೆಗೆ, ಹತ್ತಿ ನಿಲ್ಲಲು ಏನಾದರೂ ಹಾಕಿಸಿಕೊಡಿ ಎಂದು ಬಾಯಿಬಿಟ್ಟು ಕೇಳಿದಳು. ಡೈರಿಯ ಸೆಕ್ರೆಟರಿ ಚಲಪತಿ ಒಳ್ಳೆಯವನು. ತನ್ನ ಕೊಟ್ಟಿಗೆಯಲ್ಲಿ ಉಳಿದಿದ್ದ ದಪ್ಪ ದಿಂಡುಗಲ್ಲನ್ನು ತಂದು ಕಟ್ಟೆಯ ಬುಡಕ್ಕೆ ಹಾಕಿಸಿದ. ಅದರ ಮೇಲೆ ನಿಂತು ಅವಳು ತನ್ನ ಕೈಯಾರೆ ಹಾಲು ಸುರಿದಳು. ನೊರೆ ಏಳುವುದನ್ನು ನೋಡುತ್ತ ಕೊಂಚ ಹೊತ್ತು ಅಲ್ಲೇ ನಿಂತಳು. ಹಿಂದಿನವರು ಯಾರೂ ಅವಸರ ಮಾಡಲಿಲ್ಲ.

ಆ ವಾರದ ಶುಕ್ರವಾರ ಡೈರಿ ತೊಳೆಯುವ ಅಶ್ವತ್ಥಮ್ಮ, ಹಾಲು ಬರುವ ಜಾಗದಲ್ಲಿ ಹೊಸದಾಗಿ ಕಲ್ಲು ಕೂತಿದೆಯಲ್ಲ ಎಂದು ಅದಕ್ಕೂ ಅರಿಶಿನ ಬಳಿದು, ಕುಂಕುಮವಿಟ್ಟು, ಹೂವು ಏರಿಸಿದಳು. ಮರುದಿನ ಅಮ್ಮಾಜಮ್ಮ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು. ಹಿಂದೆ ನಿಂತಿದ್ದ ಮುನಿಸ್ವಾಮಪ್ಪ ನಕ್ಕ.

"ನಿನ್ ಪಾದ ತಾಕಿದ್ದೇ ತಡ, ಕಲ್ಲು ದೇವ್ರಾಗೋಯ್ತು ಕಣಮ್ಮೋ."

ಅವಳೂ ನಕ್ಕಳು. ಆದರೆ ಕಾಲು ಏಳಲಿಲ್ಲ. ತೊಳೆದುಬಿಡಲು ಅಶ್ವತ್ಥಮ್ಮನಿಗೆ ಭಯ, ತೊಳೆ ಎನ್ನಲು ಚಲಪತಿಗೆ ಸಂಕೋಚ. ಬರಬರುತ್ತ ಸಾಲಿನವರು ಅದಕ್ಕೆ ಕೈಮುಗಿದೇ ಹಾಲು ಹಾಕತೊಡಗಿದರು. ಅಮ್ಮಾಜಮ್ಮನೂ ಮುಗಿದಳು. ಅವಳ ಕ್ಯಾನು ಮತ್ತೆ ಬೇರೆಯವರ ಕೈ ಸೇರಿತು.

ಕ್ಯಾನು ಹೊತ್ತು ತಂದ ತೋಳು ನೀವಿಕೊಳ್ಳುತ್ತ ನಿಂತಿದ್ದ ಅವಳನ್ನು ಒಂದು ಬೆಳಿಗ್ಗೆ ನೋಡಿ ಚಲಪತಿಯ ಮನಸ್ಸು ತಡೆಯಲಿಲ್ಲ.

"ಅಕ್ಕಾ, ನಾಳೆಯಿಂದ ನೀನು ಬರಾದೇ ಬ್ಯಾಡ. ನಾನೇ ಬೈಕ್‌ನಾಗೆ ಮನೆ ತಾವ ಬಂದು ಆಲು ತಗಂಡೋಗ್ತೀನಿ."

ಅವಳು ಖಾಲಿ ಕ್ಯಾನಿಗೆ ಮುಚ್ಚಳ ಹಾಕಿದಳು.

"ಬ್ಯಾಡ ಕಣಪ್ಪಾ. ಆಲೇನೋ ಡೈರಿಗೆ ಬತ್ತದೆ, ನಾನೆಲ್ಲಿಗೆ ಬರ್ಲಿ? ಇನ್ನೊಂದು ಕಲ್ಲು ಆಕ್ಸು. ಅದುಕ್ಕೆ ಕುಂಕುಮ ಇಕ್ಕಬ್ಯಾಡ ಅಂತ ಅಶ್ವತ್ಥಮ್ಮಂಗೆ ನೀನೇ ಏಳು."