ಆಕಾಶದಲ್ಲಿ ಹರಿದ ಎಳೆ

ದೆವ್ವ, ಶಕುನ, ಕಣಿ ಎಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡವನು ನಾನು. ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ಇನ್ನೇನು ಅಂದುಕೊಳ್ಳಬೇಕು? ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ.

ಆಕಾಶದ ಕಪ್ಪು ಮೋಡಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಇವು ಮಳೆಯ ಮೋಡಗಳಲ್ಲ. ನಕ್ಷತ್ರಗಳಿಗೆ ಅಡ್ಡ ನಿಂತ ಧೂಳು. ಒಳ್ಳೆಯ ಕತ್ತಲೆಯಲ್ಲೂ ಇವು ಕಾಣುವುದು ಕಷ್ಟ, ನಮ್ಮ ಹಿತ್ತಿಲಲ್ಲಂತೂ ಕೇಳಲೇಬೇಡಿ. ಒಂದು ಕಡೆ ಪಾವರ್‌ಲೂಮ್ ಶೆಡ್ಡಿನ ದೀಪ, ಇನ್ನೊಂದು ಕಡೆ ಬೀದಿದೀಪ. ಬರಿಗಣ್ಣಿಗೆ ನಾಲ್ಕು ಚುಕ್ಕೆ ಕಂಡರೆ ಪುಣ್ಯ. ರಾತ್ರಿಗಟ್ಟಲೆ ತೆಗೆದ ನೂರಾರು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಎಲ್ಲೋ ಒಂದು ಕಪ್ಪು ಮಚ್ಚೆ ಮೂಡುತ್ತದೆ.

ಅವ್ವ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೆಯ್ದವಳು. ಎಡಗಣ್ಣು ಎಂದೋ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು, ಎದುರು ನಿಂತ ನನ್ನನ್ನೂ ದನಿಯಿಂದ ಗುರುತಿಸುತ್ತಿದ್ದಳು. ಜಮಖಂಡಿಯ ಡಾಕ್ಟರು ಆಪರೇಷನ್ ಮಾಡೋಣ ಎಂದಿದ್ದರು. “ಇರೋದ ಒಂದ ಕಣ್ಣು. ಅದೂ ಹ್ವಾದ್ರ?” ಎಂದು ಅವಳು ಒಪ್ಪಿರಲಿಲ್ಲ. ಒಳಗೊಳಗೆ ನನಗೂ ಅದೇ ಹೆದರಿಕೆ.

ಆ ಬೇಸಿಗೆಯ ರಾತ್ರಿ ಸೆಕೆ ತಾಳದೆ ಅವಳು ಹಿತ್ತಿಲಿಗೆ ಬಂದು ಹೊರಸಿನ ಮೇಲೆ ಕೂತಳು. ಏನು ಮಾಡುತ್ತಿದ್ದೀ ಎಂದು ಕೇಳಿದಳು, ಹೇಳಿದೆ. ಮುಖ ಮೇಲೆತ್ತಿ, ಶೆಡ್ಡಿನ ತಗಡಿನ ತುದಿಯ ನೇರಕ್ಕೆ ಬೆರಳು ಚಾಚಿದಳು.

“ಅಲ್ಲಿ ಸಾಲಾಗಿ ಮೂರ ಎಳಿ ಹರದಾವ ನೋಡ.”

ನನ್ನ ಕ್ಯಾಮೆರಾ ಬೇರೆಯೇ ದಿಕ್ಕಿಗಿತ್ತು. ಅವಳು ತೋರಿಸಿದ ಕಡೆ ಬರೀ ಬಿಳಿ ಮಬ್ಬು. “ಅಲ್ಲೇನೂ ಇಲ್ಲ ಬೇ,” ಎಂದು ನಕ್ಕೆ.

“ಹರದಾವಂದ್ರ ಹರದಾವ. ಅದರ ಹಿಂದ ಚುಕ್ಕಿ ಅದಾವೇನ?”

“ಇರತಾವು. ಧೂಳ ಅಡ್ಡ ಬಂದಿರತೈತಿ, ಅಷ್ಟ.”

“ಧೂಳ ಅಷ್ಟ,” ಎಂದು ಅವಳು ಬಲಗಣ್ಣಿನ ರೆಪ್ಪೆ ಸವರಿಕೊಂಡಳು. ಅವಳ ಸಮಾಧಾನಕ್ಕೆಂದು ಕ್ಯಾಮೆರಾವನ್ನು ಅತ್ತ ತಿರುಗಿಸಿ ಬೆಳಗಿನವರೆಗೂ ಬಿಟ್ಟೆ. ಮುಂಜಾನೆ ಚಹಾ ಕುಡಿಯುತ್ತ ಅವಳೇ, “ನಡಿ, ಜಮಖಂಡಿಗೆ ಹೋಗೂಣು,” ಎಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದಾಗ ನನ್ನನ್ನೇ ನೋಡಿ, “ಎಷ್ಟ ಸೊರಗೀಯೋ ಯಪ್ಪಾ,” ಎಂದಳು. ಡಾಕ್ಟರ ಎದುರೇ ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಆ ರಾತ್ರಿಯ ಫೋಟೊಗಳನ್ನು ಕೂಡಿಸಿದೆ. ನಡುವೆ, ಸಾಲಾಗಿ, ಮೂರು ಕಪ್ಪು ಗೆರೆ. ಕ್ಯಾಮೆರಾದ ಕೊಳೆಯಿರಬೇಕೆಂದು ಆಕಾಶದ ನಕ್ಷೆ ತೆಗೆದು ನೋಡಿದೆ. ಅಲ್ಲಿಯೂ ಇತ್ತು. ನನಗೇ ಗೊತ್ತಿರದ ಮೋಡ ಅದು.

ಅವ್ವನನ್ನು ಮತ್ತೆ ಅದೇ ಹೊರಸಿನ ಮೇಲೆ ಕೂರಿಸಿ, ತೋರಿಸು ಎಂದೆ. ಹೊಸ ಕಣ್ಣಿನಿಂದ ಬಹಳ ಹೊತ್ತು ಹುಡುಕಿದಳು. “ಏನೂ ಇಲ್ಲೊ. ಬರೇ ಬೆಳಕ.”

“ಮತ್ತ ಅವತ್ತ ಹೆಂಗ ಕಂಡಿ?”

“ಕಂಡಿದ್ದಿಲ್ಲೊ. ಮಗ್ಗದಾಗಿನ ಅರಿವಿ ಮ್ಯಾಲ ಕೈ ಆಡಿಸಿದಂಗ ಆಗಿತ್ತು.”

ಅವಳೀಗ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. ನನಗೆ ಅಷ್ಟೇ ಸಾಕು, ನಿಜ. ಆದರೂ ಮೊನ್ನೆ ಹಿತ್ತಿಲಲ್ಲಿ ಯಾರೂ ಇಲ್ಲದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ಮುಚ್ಚಿ ಆಕಾಶದತ್ತ ಕೈ ಆಡಿಸಿದೆ. ಕೈಗೆ ಏನೂ ಹತ್ತಲಿಲ್ಲ.