ಎಡಗಡೆ ಟೈರಿನ ಒಳಅಂಚು

ನಾನು ಚಿಕ್ಕವಳಿದ್ದಾಗ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯಲ್ಲಿ ಎರಡು ಸಂಸಾರಕ್ಕೆ ಒಂದೇ ಅಡುಗೆಮನೆ, ಒಂದೇ ಕಾರು. ಕೆಳಗೆ ನಾವು, ಮಹಡಿಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ಸಿಂಧು. ವಾರವೆಲ್ಲ ಅಪ್ಪ ಕಾರನ್ನು ಆಫೀಸಿಗೆ ಒಯ್ದರೆ, ಭಾನುವಾರ ಚಿಕ್ಕಪ್ಪ ಉಲ್ಲಾಳದ ಮಾವನ ಮನೆಗೆ ಒಯ್ಯುತ್ತಿದ್ದರು. ಸಿಂಧುವೂ ನಾನೂ ಒಂದೇ ಕ್ಲಾಸು, ಒಂದೇ ಹಾಸಿಗೆ.

ಅವರೆಕಾಯಿ ಕಾಲ. ಅಮ್ಮ, ಚಿಕ್ಕಮ್ಮ, ನಾವಿಬ್ಬರು ವರಾಂಡದಲ್ಲಿ ಮೊರದ ಸುತ್ತ ಕೂತು ಕಾಯಿ ಸುಲಿಯುತ್ತಿದ್ದೆವು. ಕೈಗೆಲ್ಲ ಸೊಗಡು. ಹುಳ ಸಿಕ್ಕರೆ ಒಬ್ಬರ ಮೇಲೊಬ್ಬರು ಎಸೆಯುವುದು ನಮ್ಮ ಆಟ. ಸಿಂಧು ಎಸೆದದ್ದು ಕಾರಿನಡಿಗೆ ಹೋಯಿತು. ಹುಡುಕಲು ಬಗ್ಗಿದ ನನಗೆ ಮುಂದಿನ ಎಡಗಡೆ ಟೈರು ಕಂಡಿತು.

"ಅಪ್ಪಾ, ಟೈರಿಂದ ತಂತಿ ಈಚೆ ಬಂದಿದೆ!"

ಅಪ್ಪ ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದರು. ಹೊರಗಿನ ಅಂಚಿನಲ್ಲಿ ಗೆರೆಗಳು ಇನ್ನೂ ಆಳವಾಗಿದ್ದವು. ಒಳಗಿನ ಅಂಚು ಮಾತ್ರ ನುಣ್ಣಗೆ ಸವೆದುಹೋಗಿತ್ತು. ಚಿಕ್ಕಪ್ಪ ಕಾಫಿ ಲೋಟ ಹಿಡಿದು ಇಳಿದು ಬಂದರು.

"ಉಲ್ಲಾಳದ ಗುಂಡಿಗಳಿಗೆಲ್ಲ ಇಳಿಸಿದೀಯ. ನೋಡು" ಎಂದರು ಅಪ್ಪ.

"ನಾನಾ? ಹಂಪ್ ಮೇಲೆ ಹಾರಿಸೋನು ನೀನು. ಟೈರಿಗೆ ಗಾಳಿನೂ ಹೊಡಿಸಲ್ಲ."

"ಗಾಳಿ ಕಮ್ಮಿ ಆದ್ರೆ ಎರಡೂ ಅಂಚು ಸವೆಯುತ್ತೆ ಕಣೋ. ಇದು ಒಂದೇ ಕಡೆ."

"ಎಲ್ಲಾ ಗೊತ್ತಲ್ಲ ನಿಂಗೆ! ಅಪ್ಪಂಗೆ ಎದೆನೋವು ಬಂದಾಗ ಇದೇ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಓಡಿದ್ದು ನಾನು. ಆವಾಗ ಎಲ್ಲಿದ್ದೆ?"

ತೀರಿಹೋದ ತಾತನ ಮಾತು ಬಂದದ್ದೇ ಅಮ್ಮನ ಕೈ ಮೊರದಲ್ಲೇ ನಿಂತಿತು. ಅಪ್ಪನ ಮುಖ ಕಪ್ಪಿಟ್ಟಿತು.

"ಓಡಿದ್ಯಲ್ಲ, ಉಳೀತಾ ಜೀವ? ಹೊತ್ತಿಗೆ ಸರಿಯಾಗಿ ಹೊರಟಿದ್ರೆ ಉಳೀತಿತ್ತು."

ಚಿಕ್ಕಪ್ಪ ಲೋಟವನ್ನು ನೆಲಕ್ಕೆ ಅಪ್ಪಳಿಸಿದರು. ಚಿಕ್ಕಮ್ಮ ಸಿಂಧುವಿನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಮೆಟ್ಟಿಲು ಹತ್ತಿದರು.

ಆದರೂ ತಪ್ಪು ಯಾರದೆಂದು ತೀರ್ಮಾನವಾಗಲೇಬೇಕು ಎಂಬ ಹಟ ಇಬ್ಬರಿಗೂ. ಸ್ಟೆಪ್ನಿ ಹಾಕಿಕೊಂಡು ಮಾಗಡಿ ರೋಡಿನಲ್ಲಿ ಚಕ್ರ ನೇರ ಮಾಡುವ ಅಲೈನ್‌ಮೆಂಟ್ ಅಂಗಡಿಗೆ ಹೊರಟರು. ನಾನು ಹಿಂದಿನ ಸೀಟಿನಲ್ಲಿದ್ದೆ.

ಅಂಗಡಿಯವರು ಕಾರನ್ನು ಮೇಲೆತ್ತಿ, ಚಕ್ರದ ಹಿಂದೆ ಕಬ್ಬಿಣದ ರಾಡು ತೂರಿಸಿ ಮೀಟಿದರು. ಇಡೀ ಚಕ್ರ ಅಲುಗಾಡಿತು.

"ಚಕ್ರ ಅಲ್ಲಾಡದಂಗೆ ಹಿಡ್ಕೊಳ್ಳೋ ರಬ್ಬರ್ ಬುಷ್ ಸೀಳಿದೆ ಸಾರ್, ಹಳೇದಾಗಿ. ಚಕ್ರ ಹೊರಗಡೆಗೆ ತಿರುಗಿಕೊಂಡು ಓಡಿದೆ, ಅದಕ್ಕೆ ಒಳಗಡೆ ಉಜ್ಜಿಹೋಗಿದೆ. ಗುಂಡಿಗೆ ಹೊಡೆದ ಗುರುತೇ ಇಲ್ಲ, ಚಕ್ರದ ಡಿಸ್ಕ್ ನೆಟ್ಟಗಿದೆ. ಯಾರು ಓಡಿಸಿದ್ರೂ ಹಿಂಗೇ ಆಗೋದು."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಪ್ಪ ಚಿಕ್ಕಪ್ಪನ ಕಡೆ ತಿರುಗಲಿಲ್ಲ. "ಬುಷ್ ಹಾಕಿ" ಎಂದಷ್ಟೇ ಹೇಳಿದರು. ಚಿಕ್ಕಪ್ಪ ಬಸ್ ಸ್ಟಾಪಿನತ್ತ ನಡೆದರು. ನಾನು ಓಡಿಹೋಗಿ ಶರಟು ಹಿಡಿದೆ.

"ಚಿಕ್ಕಪ್ಪಾ, ಯಾರ ತಪ್ಪೂ ಅಲ್ವಂತೆ!"

"ಟೈರ್ ಯಾರಿಗೆ ಬೇಕು ಪುಟ್ಟಿ" ಎಂದು ಅವರು ನನ್ನ ಬೆರಳು ಬಿಡಿಸಿದರು.

ಸಂಕ್ರಾಂತಿಗೆ ಮುಂಚೆಯೇ ಮಹಡಿಯಲ್ಲಿ ಬೇರೆ ಗ್ಯಾಸು ಬಂತು. ಆಮೇಲೆ ಹೊರಗಿನಿಂದ ಬೇರೆ ಮೆಟ್ಟಿಲು, ಬೇರೆ ಗೇಟು. ಮಹಡಿಗೆ ಹೋದರೆ ಕಾಲು ಮುರೀತೀನಿ ಎಂದರು ಅಪ್ಪ. ಕೆಲವು ದಿನ ಸಿಂಧು ಮೇಲಿನಿಂದ ನೆಲ ಕುಟ್ಟುತ್ತಿದ್ದಳು, ನಾನು ಪೊರಕೆ ಹಿಡಿಯಿಂದ ಚಾವಣಿ ಕುಟ್ಟುತ್ತಿದ್ದೆ. ಒಂದು ದಿನ ಅದೂ ನಿಂತಿತು. ಮುಂದೆ ಅವರು ಕೆಂಗೇರಿಗೆ ಹೋದರು. ಮಹಡಿಗೆ ಬಾಡಿಗೆಯವರು ಬಂದರು.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ನೆಂಟರ ಮದುವೆಯಲ್ಲಿ ಊಟದ ಸಾಲಿನಲ್ಲಿ ಸಿಂಧುವಿನ ಪಕ್ಕವೇ ಕೂರಬೇಕಾಯಿತು. ನಕ್ಕರೆ ಈಗಲೂ ಅದೇ ಗಲ್ಲದ ಗುಳಿ. ಬಡಿಸುತ್ತಿದ್ದ ಹೆಣ್ಣಿನ ಕಡೆಯವರೊಬ್ಬರು, "ನಿಮಗಿಬ್ಬರಿಗೂ ಪರಿಚಯನಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಿಂಧು, "ಹೂಂ, ಮುಂಚೆ ಒಂದೇ ಏರಿಯಾ" ಎಂದಳು.